ಗೋಧಿ ಬೆಳೆದವರೇ ಹಸಿದು ಸತ್ತದ್ದು ಹೇಗೆ?

ಪ್ರಶ್ನೆ: ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಸೋವಿಯತ್ ಪುಸ್ತಕಗಳಿದ್ದವು. ನುಣುಪು ಕಾಗದ, ಟ್ರ್ಯಾಕ್ಟರ್ ಮೇಲೆ ಕೂತು ನಗುವ ರೈತರು, ಎದೆಮಟ್ಟ ಗೋಧಿ. ಈಗ ನೋಡಿದರೆ ಅದೇ ನಾಡಿನಲ್ಲಿ 1932-33ರಲ್ಲಿ ಲಕ್ಷಾಂತರ ರೈತರು ಹಸಿವಿನಿಂದ ಸತ್ತರು ಅಂತ ಓದಿದೆ. ಕೆಲವರು ಮಳೆ ಕೈಕೊಟ್ಟಿತು ಅಂತಾರೆ, ಕೆಲವರು ಬೇಕಂತಲೇ ಕೊಂದರು ಅಂತಾರೆ. ನಿಜ ಏನು? ಅಷ್ಟು ಜನ ಸಾಯುವಾಗ ರೈತರು ಯಾಕೆ ತಿರುಗಿ ಬೀಳಲಿಲ್ಲ? ಹೊರಗಿನ ಪ್ರಪಂಚಕ್ಕೆ ಯಾಕೆ ಗೊತ್ತಾಗಲಿಲ್ಲ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿಯೇ ಉತ್ತರ ಕೊಟ್ಟುಬಿಡುತ್ತೇನೆ. ಅದು ಮಳೆ ತಂದ ಬರ ಅಲ್ಲ.

ಬೆಳೆ ಕಡಿಮೆ ಆಗಿದ್ದು ನಿಜ. 1931ರಲ್ಲಿ ವೋಲ್ಗಾ ಬಯಲಿನಲ್ಲಿ, ಕಜಾಕ್‌ಸ್ತಾನದಲ್ಲಿ ಮಳೆ ಹೋಗಿತ್ತು. 1932ರಲ್ಲಿ ಅದರ ಉಲ್ಟಾ. ಹಲವು ಕಡೆ ಮಳೆ ಜಾಸ್ತಿಯಾಗಿ ಗೋಧಿಗೆ ತುಕ್ಕುರೋಗ ಬಿತ್ತು, ಹೊಲದ ತುಂಬ ಕಳೆ. ಉಳುವುದಕ್ಕೆ ಕುದುರೆ ಇರಲಿಲ್ಲ, ಕುಯ್ಲಿಗೆ ಜನ ಸಾಲಲಿಲ್ಲ, ಕುಯ್ದದ್ದರಲ್ಲೂ ಎಷ್ಟೋ ಹೊಲದಲ್ಲೇ ಕೊಳೆಯಿತು. ಆ ವರ್ಷ ದೇಶದಲ್ಲಿ ಸುಮಾರು 7 ಕೋಟಿ ಟನ್ ಧಾನ್ಯ ಬಂತು ಎಂದು ಸರ್ಕಾರ ಬರೆದುಕೊಂಡಿತು. ಆಮೇಲೆ ದಾಖಲೆ ಕೆದಕಿ ನೋಡಿದವರ ಲೆಕ್ಕ 5ರಿಂದ 6 ಕೋಟಿ ಟನ್. ಇಷ್ಟು ಕಡಿಮೆಯಾದರೆ ಜನ ಸೊರಗುತ್ತಾರೆ, ಒಪ್ಪತ್ತು ಉಣ್ಣುತ್ತಾರೆ, ಮುದುಕರು ಮಕ್ಕಳು ಕೆಲವರು ಹೋಗುತ್ತಾರೆ. ಊರಿಗೆ ಊರೇ ಬರಿದಾಗುವುದಿಲ್ಲ.

ಯಾಕೆ ಅಂದರೆ, ಬರ ರೈತನಿಗೆ ಹೊಸದಲ್ಲ. ಎಲ್ಲ ನಾಡಿನ ರೈತನಿಗೂ ಅದನ್ನು ದಾಟುವ ದಾರಿಗಳು ಗೊತ್ತಿರುತ್ತವೆ. ಹಗೇವಿನಲ್ಲಿ ಇಟ್ಟ ಕಾಳು ತೆಗೆಯುತ್ತಾನೆ. ದನ ಮಾರುತ್ತಾನೆ, ಇಲ್ಲವೇ ಕೊಯ್ದು ತಿನ್ನುತ್ತಾನೆ. ಕುಯ್ದ ಹೊಲದಲ್ಲಿ ಹಕ್ಕಲು ಆಯುತ್ತಾನೆ. ಅದೂ ಆಗದಿದ್ದರೆ ಗಂಟು ಕಟ್ಟಿಕೊಂಡು ಗುಳೆ ಹೋಗುತ್ತಾನೆ. ಕೊನೆಗೆ ಯಾರ ಮುಂದಾದರೂ ಕೈಯೊಡ್ಡುತ್ತಾನೆ. 1932ರ ಬೇಸಿಗೆಯಿಂದ 1933ರ ಜನವರಿವರೆಗೆ ಆಗ ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಉಕ್ರೇನಿನಲ್ಲಿ, ಪಕ್ಕದಲ್ಲೇ ರಷ್ಯಾದೊಳಗಿದ್ದರೂ ಉಕ್ರೇನಿಯನ್ನರೇ ತುಂಬಿದ್ದ ಕುಬಾನ್ ಸೀಮೆಯಲ್ಲಿ ಆದದ್ದು ಇಷ್ಟೇ: ಈ ದಾರಿಗಳನ್ನು ಒಂದೊಂದಾಗಿ, ಕಾಗದದ ಮೇಲೆ ತಾರೀಕು ಹಾಕಿ, ಸಹಿ ಮಾಡಿ ಮುಚ್ಚಲಾಯಿತು. ನನಗೆ ಈ ವಿಷಯ ಅರ್ಥವಾದದ್ದು ಸತ್ತವರ ಸಂಖ್ಯೆಯಿಂದ ಅಲ್ಲ. ಆ ಆಜ್ಞೆಗಳನ್ನು ತಾರೀಕಿನ ಪ್ರಕಾರ ಒಂದರ ಕೆಳಗೊಂದು ಬರೆದುಕೊಂಡಾಗ.

ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಹಿಂದಿನದು ಹೇಳಬೇಕು.

1917ರ ಕ್ರಾಂತಿ ರೈತನಿಗೆ ಜಮೀನು ಕೊಟ್ಟಿತು. ಜಮೀನ್ದಾರನ ನೆಲವನ್ನು ಊರವರೇ ಹಂಚಿಕೊಂಡರು. ಆದರೆ ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ, ಪಟ್ಟಣಕ್ಕೆ ಅನ್ನ ಬೇಕು ಅಂತ ಲೆನಿನ್‌ನ ಬೋಲ್ಷೆವಿಕ್ ಸರ್ಕಾರ ಬಂದೂಕು ಹಿಡಿದು ಧಾನ್ಯ ಎತ್ತಿತು. ತಂಬೋವ್ ಜಿಲ್ಲೆಯ ರೈತರು ದಂಗೆ ಎದ್ದರು. 1921ರ ಮಾರ್ಚ್‌ನಲ್ಲಿ ಕ್ರೋನ್‌ಸ್ಟಾಟ್ ಕೋಟೆಯ ನಾವಿಕರೂ ಎದ್ದರು, ಇದೇ ನಾವಿಕರು 1917ರಲ್ಲಿ ಕ್ರಾಂತಿಗೆ ಬೆನ್ನೆಲುಬಾಗಿದ್ದವರು. ಲೆನಿನ್ ದಂಗೆಗಳನ್ನು ಅಡಗಿಸಿದ, ಜೊತೆಗೆ ನೀತಿಯನ್ನೂ ಬದಲಿಸಿದ. ಗೊತ್ತಾದಷ್ಟು ತೆರಿಗೆ ಕೊಡು, ಉಳಿದದ್ದನ್ನು ಸಂತೆಯಲ್ಲಿ ಮಾರಿಕೋ ಅಂದ. ಅದು ಬರುವ ಹೊತ್ತಿಗೆ ವೋಲ್ಗಾ ಸೀಮೆಯಲ್ಲಿ ಬರ ಬಿದ್ದಾಗಿತ್ತು. 1921-22ರಲ್ಲಿ ಸುಮಾರು 50 ಲಕ್ಷ ಜನ ಸತ್ತರು. ಆದರೆ ಆಗ ಸರ್ಕಾರ ಬರವನ್ನು ಮುಚ್ಚಿಡಲಿಲ್ಲ, ಹೊರಗಿನ ಸಹಾಯ ಕೇಳಿತು. ಹರ್ಬರ್ಟ್ ಹೂವರ್ ನಡೆಸುತ್ತಿದ್ದ ಅಮೆರಿಕದ ಪರಿಹಾರ ಸಂಸ್ಥೆ ಒಂದು ಹಂತದಲ್ಲಿ ದಿನಕ್ಕೆ ಒಂದು ಕೋಟಿ ಜನರಿಗೆ ಊಟ ಹಾಕಿತು. ಇದನ್ನು ನೆನಪಿಟ್ಟುಕೊಳ್ಳಿ. ಹನ್ನೊಂದು ವರ್ಷ ಆದ ಮೇಲೆ ಅದೇ ಸರ್ಕಾರ ಮಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಆಮೇಲಿನ ಐದಾರು ವರ್ಷ ಹಳ್ಳಿಗಳು ಉಸಿರಾಡಿದವು. ತೊಂದರೆ ಶುರುವಾದದ್ದು 1927ರ ಕೊನೆಗೆ. ಸರ್ಕಾರ ಧಾನ್ಯಕ್ಕೆ ಕೊಡುವ ಬೆಲೆ ತೀರ ಕಡಿಮೆ. ಸಂತೆಯಲ್ಲಿ ಕೊಳ್ಳೋಣ ಅಂದರೆ ಕಾರ್ಖಾನೆಯ ಸಾಮಾನೇ ಇಲ್ಲ. ರೈತ ಗೋಧಿಯನ್ನು ಸರ್ಕಾರಕ್ಕೆ ಮಾರುವ ಬದಲು ಹಂದಿಗೆ ಹಾಕಿ ಸಾಕಿದ, ಇಲ್ಲವೇ ಕೂಡಿಟ್ಟ. ಯಾವ ರೈತನಾದರೂ ಅದನ್ನೇ ಮಾಡುತ್ತಿದ್ದ, ಅಲ್ವಾ? ಪಕ್ಷದ ನಾಯಕರಲ್ಲಿ ಬುಖಾರಿನ್ ತರಹದವರು ಬೆಲೆ ಸರಿ ಮಾಡಿ, ನಿಧಾನ ಹೋಗೋಣ ಅಂದರು. ಸ್ಟಾಲಿನ್ 1928ರ ಜನವರಿಯಲ್ಲಿ ಸೈಬೀರಿಯಾಕ್ಕೆ ಹೋಗಿ ಧಾನ್ಯ ಕೂಡಿಟ್ಟವರ ಮೇಲೆ ಕಾಳಸಂತೆಯ ಕೇಸು ಹಾಕಿಸಿದ. ಅದೇ ವರ್ಷ ಜುಲೈನಲ್ಲಿ ಪಕ್ಷದ ಸಭೆಯಲ್ಲಿ, ಕೈಗಾರಿಕೆ ಬೆಳೆಸಲು ರೈತರಿಂದ ವಸೂಲಿ ಮಾಡಬೇಕಾದದ್ದು ಒಂದು ಬಗೆಯ ಕಪ್ಪ ಅಂತ ಹೇಳಿದ. ಮಾತು ಅವನದೇ. ಸೋತ ಸೀಮೆ ಗೆದ್ದ ರಾಜನಿಗೆ ಕೊಡುವುದೇ ಕಪ್ಪ ತಾನೆ?

ಆ ಕಪ್ಪ ಯಾತಕ್ಕೆ ಬೇಕಿತ್ತು ಅನ್ನುವುದನ್ನೂ ಹೇಳಬೇಕು. ಪಂಚವಾರ್ಷಿಕ ಯೋಜನೆ ಶುರುವಾಗಿತ್ತು. ಮ್ಯಾಗ್ನಿಟೊಗೋರ್ಸ್ಕ್ ಉಕ್ಕಿನ ಕಾರ್ಖಾನೆ, ಖಾರ್ಕಿವ್ ಟ್ರ್ಯಾಕ್ಟರ್ ಕಾರ್ಖಾನೆ, ನೀಪರ್ ನದಿಯ ಅಣೆಕಟ್ಟು, ಎಲ್ಲದಕ್ಕೂ ಯಂತ್ರಗಳು ಹೊರದೇಶದಿಂದ ಬರಬೇಕು. ಅದಕ್ಕೆ ಕೊಡಲು ಇದ್ದ ಮುಖ್ಯ ಸರಕುಗಳಲ್ಲಿ ಧಾನ್ಯವೂ ಒಂದು. ಅಷ್ಟರಲ್ಲಿ 1929ರ ಆರ್ಥಿಕ ಕುಸಿತ ಬಂದು ಜಗತ್ತಿನಲ್ಲಿ ಗೋಧಿ ಬೆಲೆ ನೆಲ ಕಚ್ಚಿತು. ಅದೇ ಯಂತ್ರಕ್ಕೆ ಈಗ ಮೊದಲಿಗಿಂತ ಜಾಸ್ತಿ ಗೋಧಿ ಕೊಡಬೇಕು. 1930ರಲ್ಲಿ ಸುಮಾರು 48 ಲಕ್ಷ ಟನ್, 1931ರಲ್ಲಿ ಸುಮಾರು 50 ಲಕ್ಷ ಟನ್ ಧಾನ್ಯ ಹಡಗು ಹತ್ತಿತು.

ಲಕ್ಷಾಂತರ ಮನೆಗಳಿಂದ ಚೂರು ಚೂರು ಕಾಳು ವಸೂಲಿ ಮಾಡುವುದು ಕಷ್ಟ. ಎಲ್ಲರ ಹೊಲ, ಎತ್ತು, ಕುದುರೆ ಸೇರಿಸಿ ಒಂದೇ ಸಾಮೂಹಿಕ ಜಮೀನು ಮಾಡಿದರೆ, ಒಂದೇ ಕಣ, ಒಂದೇ ಕಣಜ, ಒಂದೇ ಬೀಗ. ಅದೇ ಕೊಲ್ಖೋಜ್. ಅಲ್ಲಿ ರೈತನಿಗೆ ಕೂಲಿ ಅನ್ನುವುದಿಲ್ಲ. ದುಡಿದ ದಿನಕ್ಕೆ ಪುಸ್ತಕದಲ್ಲಿ ಒಂದು ಗೀಟು. ಬೆಳೆ ಬಂದ ಮೇಲೆ ಮೊದಲು ಸರ್ಕಾರದ ಪಾಲು, ಆಮೇಲೆ ಟ್ರ್ಯಾಕ್ಟರ್ ಕೇಂದ್ರದ ಬಾಡಿಗೆ, ಆಮೇಲೆ ಬಿತ್ತನೆ ಬೀಜ, ಏನಾದರೂ ಉಳಿದರೆ ಗೀಟುಗಳ ಲೆಕ್ಕದಲ್ಲಿ ಹಂಚಿಕೆ. ಊಟ ಸಾಲಿನ ಕೊನೆಯಲ್ಲಿ ನಿಂತಿತ್ತು.

ಎದುರು ಮಾತಾಡುವವರನ್ನು ಮೊದಲು ತೆಗೆದುಹಾಕಿದರು. ಕುಲಾಕ್ ಅಂದರೆ ರಷ್ಯನ್ ಭಾಷೆಯಲ್ಲಿ ಮುಷ್ಟಿ. ಮೊದಲೆಲ್ಲ ಬಡ್ಡಿ ವ್ಯಾಪಾರ ಮಾಡುವ ಜಿಪುಣ ಸಾಹುಕಾರನಿಗೆ ಹಳ್ಳಿಯವರೇ ಇಟ್ಟ ಹೆಸರು. ಈಗ ಎರಡು ಹಸು ಇದ್ದವನು, ತಗಡಿನ ಮಾಡು ಹಾಕಿಸಿದವನು, ಸುಗ್ಗಿಯಲ್ಲಿ ಒಬ್ಬ ಆಳು ಇಟ್ಟುಕೊಂಡವನು, ಕೊನೆಗೆ ಸಭೆಯಲ್ಲಿ ಬೇಡ ಅಂತ ಕೈ ಎತ್ತಿದವನೂ ಕುಲಾಕ್. 1930 ಮತ್ತು 1931, ಈ ಎರಡೇ ವರ್ಷದಲ್ಲಿ ಸುಮಾರು 18 ಲಕ್ಷ ಜನರನ್ನು ಹೆಂಡತಿ ಮಕ್ಕಳ ಸಮೇತ ಗೂಡ್ಸ್ ರೈಲಿಗೆ ತುಂಬಿ ಉರಾಲ್, ಸೈಬೀರಿಯಾ, ಉತ್ತರದ ಕಾಡುಗಳಿಗೆ ಸಾಗಿಸಿದರು. ಊರಲ್ಲಿ ಚೆನ್ನಾಗಿ ಬೇಸಾಯ ಬಲ್ಲವರೇ ಇವರು. ಅವರು ಹೋದ ಮೇಲೆ 1932ರ ಹೊಲದಲ್ಲಿ ಕಳೆ ಬೆಳೆದದ್ದಕ್ಕೆ ಆಕಾಶವನ್ನು ದೂರಿ ಪ್ರಯೋಜನ ಇಲ್ಲ.

ಇಲ್ಲಿಗೆ ನಿಮ್ಮ ಎರಡನೇ ಪ್ರಶ್ನೆ. ರೈತರು ತಿರುಗಿ ಬೀಳಲಿಲ್ಲ ಅನ್ನುವುದು ತಪ್ಪು. ಚೆನ್ನಾಗಿಯೇ ತಿರುಗಿ ಬಿದ್ದರು, ಆದರೆ ಎರಡು ವರ್ಷ ಮೊದಲು. 1930ರ ಒಂದೇ ವರ್ಷದಲ್ಲಿ 13 ಸಾವಿರಕ್ಕೂ ಜಾಸ್ತಿ ಗಲಭೆ ನಡೆದವು ಅಂತ ಆಗಿನ ರಾಜಕೀಯ ಪೊಲೀಸರೇ ಲೆಕ್ಕ ಬರೆದಿದ್ದಾರೆ, ಸೇರಿದವರು 20 ಲಕ್ಷಕ್ಕೂ ಮೇಲೆ. ಎಷ್ಟೋ ಕಡೆ ಹೆಂಗಸರೇ ಮುಂದೆ. ಗಂಡಸರು ಬಂದರೆ ಗುಂಡು ಬೀಳುತ್ತದೆ, ಹೆಂಗಸರ ಮೇಲೆ ಕೈ ಮಾಡಲು ಅಧಿಕಾರಿಗಳು ಹಿಂದೆಮುಂದೆ ನೋಡುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಗುಂಪಾಗಿ ನುಗ್ಗಿ, ಕೊಲ್ಖೋಜ್ ಕೊಟ್ಟಿಗೆಯ ಬೀಗ ಒಡೆದು, ತಮ್ಮ ತಮ್ಮ ಹಸುವನ್ನು ಹಗ್ಗ ಹಿಡಿದು ಮನೆಗೆ ಎಳೆದುಕೊಂಡು ಹೋದರು. ಕೊಡಲು ಒಪ್ಪದವರು ದನ ಕೊಯ್ದು ತಿಂದರು. ದೇಶದ ಕುದುರೆಗಳಲ್ಲಿ, ದನಗಳಲ್ಲಿ ಹತ್ತಿರ ಹತ್ತಿರ ಅರ್ಧ 1933ರ ಹೊತ್ತಿಗೆ ಇಲ್ಲವಾದವು. ಬಿತ್ತನೆ ಹಾಳಾದೀತು ಅಂತ ಹೆದರಿ ಸ್ಟಾಲಿನ್ 1930ರ ಮಾರ್ಚ್ 2ರಂದು ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಗೆಲುವಿನಿಂದ ಕೆಲವರಿಗೆ ತಲೆ ತಿರುಗಿದೆ, ಕೆಳಗಿನ ಅಧಿಕಾರಿಗಳು ಅತಿ ಮಾಡಿದ್ದಾರೆ ಅಂತ ಅವರ ಮೇಲೇ ಹಾಕಿದ. ಜನ ಆ ಪತ್ರಿಕೆ ಹಿಡಿದುಕೊಂಡೇ ಕೊಲ್ಖೋಜ್ ಬಿಟ್ಟು ಹೊರಬಂದರು. ಕೊಲ್ಖೋಜ್ ಸೇರಿದ್ದ ರೈತರ ಮನೆಗಳು ಅರ್ಧಕ್ಕಿಂತ ಮೇಲಿದ್ದದ್ದು ಬೇಸಿಗೆ ಹೊತ್ತಿಗೆ ಕಾಲು ಭಾಗಕ್ಕೆ ಇಳಿದವು. ಆದರೆ ಅದು ಸ್ವಲ್ಪ ದಿನ. ಒಂಟಿ ರೈತನ ಮೇಲೆ ತೆರಿಗೆ ಏರಿಸಿದರು, ಬರಡು ನೆಲ ಕೊಟ್ಟರು, ಮತ್ತೆ ಗಡಿಪಾರು ಶುರು ಮಾಡಿದರು. 1932ರ ಹೊತ್ತಿಗೆ ಎದ್ದು ನಿಲ್ಲಬಲ್ಲವರೆಲ್ಲ ಸೈಬೀರಿಯಾದಲ್ಲಿದ್ದರು, ಉಳಿದವರಿಗೆ ನಿಲ್ಲಲು ಕಾಲಲ್ಲಿ ಶಕ್ತಿ ಇರಲಿಲ್ಲ. ಹಸಿದು ಹಸಿದು ಮೈ ಊದಿದ ಮನುಷ್ಯ ದಂಗೆ ಹೇಗೆ ಏಳುತ್ತಾನೆ?

ಈಗ ಆ ದಾರಿಗಳು.

1930ರಲ್ಲಿ ಬೆಳೆ ಚೆನ್ನಾಗಿತ್ತು, ಉಕ್ರೇನಿನಿಂದ ಸುಮಾರು 77 ಲಕ್ಷ ಟನ್ ಧಾನ್ಯ ಎತ್ತಿದರು. 1931ರಲ್ಲಿ ಬೆಳೆ ಇಳಿದರೂ ಬೇಡಿಕೆ ಇಳಿಸಲಿಲ್ಲ, ಬಿತ್ತನೆ ಬೀಜವನ್ನೂ ಬಿಡಲಿಲ್ಲ. 1932ರ ವಸಂತದಲ್ಲೇ ಸಾವುಗಳು ಶುರುವಾಗಿದ್ದವು. ಉಕ್ರೇನಿನ ಪಕ್ಷದ ನಾಯಕರೇ ಮಾಸ್ಕೋಗೆ ಬರೆದು ಅಂಗಲಾಚಿದರು. ವಸೂಲಿಯ ಗುರಿಯನ್ನು ಒಂದೆರಡು ಸಲ ಇಳಿಸಿದರು, ಇಳಿಸಿದ ಗುರಿಯೂ ರೈತರು ಕೊಡಬಲ್ಲದ್ದಕ್ಕಿಂತ ಮೇಲೇ ಇತ್ತು.

1932ರ ಆಗಸ್ಟ್ 7ರ ಕಾನೂನು ಹಕ್ಕಲನ್ನು ಮುಚ್ಚಿತು. ಕೊಲ್ಖೋಜ್ ಸ್ವತ್ತು ಕದ್ದರೆ ಗುಂಡು, ಕರುಣೆ ತೋರಿಸಿದರೆ ಹತ್ತು ವರ್ಷ ಸೆರೆ. ಕುಯ್ದ ಹೊಲದಲ್ಲಿ ಬಿದ್ದ ತೆನೆಯೂ ಆ ಸ್ವತ್ತೇ. ಜನ ಇದನ್ನು ಐದು ತೆನೆ ಕಾನೂನು ಅಂತಲೇ ಕರೆದರು. ಮಡಿಲಲ್ಲಿ ಹಿಡಿ ತೆನೆ ಇಟ್ಟುಕೊಂಡ ತಾಯಂದಿರೂ ಇದರಡಿ ಜೈಲಿಗೆ ಹೋದರು. ಕೆಲವೇ ತಿಂಗಳಲ್ಲಿ ಹತ್ತಾರು ಸಾವಿರ ಜನರಿಗೆ ಶಿಕ್ಷೆ ಆಯಿತು.

ನವೆಂಬರ್‌ನಲ್ಲಿ ಸ್ಟಾಲಿನ್‌ನ ಆಪ್ತರಲ್ಲಿ ಮೊಲೊಟೊವ್ ಆಗಿನ ಉಕ್ರೇನಿನ ರಾಜಧಾನಿ ಖಾರ್ಕಿವ್‌ಗೆ ಬಂದ, ಕಗಾನೊವಿಚ್ ಕುಬಾನ್‌ಗೆ ಹೋದ. ಗುರಿ ಮುಟ್ಟದ ಊರುಗಳನ್ನು ಕಪ್ಪು ಹಲಗೆಗೆ ಹಾಕಿದರು. ಕಪ್ಪು ಹಲಗೆಗೆ ಬಿದ್ದ ಊರಿಗೆ ಉಪ್ಪು, ಬೆಂಕಿಪೊಟ್ಟಣ, ಸೀಮೆಎಣ್ಣೆ ಏನೂ ಬರುವುದಿಲ್ಲ, ಅಂಗಡಿಯಲ್ಲಿ ಇದ್ದದ್ದನ್ನೂ ಎತ್ತಿಕೊಂಡು ಹೋಗುತ್ತಾರೆ. ಕುಬಾನ್‌ನ ಪೊಲ್ಟಾವ್‌ಸ್ಕಾಯ ಅನ್ನುವ ಊರನ್ನಂತೂ ಇಡಿಯಾಗಿ ಖಾಲಿ ಮಾಡಿಸಿ ಉತ್ತರಕ್ಕೆ ಸಾಗಿಸಿದರು. ಗೋಧಿ ಕೊಡದವನಿಗೆ ದಂಡವಾಗಿ ಹದಿನೈದು ತಿಂಗಳ ಮಾಂಸದ ಬಾಕಿಯನ್ನು ಒಟ್ಟಿಗೇ ಕಟ್ಟು ಅಂದರು. ಅಂದರೆ ಮನೆಯಲ್ಲಿ ಉಳಿದಿದ್ದ ಒಂದು ಹಸು ಹೋಯಿತು. ಮಕ್ಕಳಿಗೆ ಹಾಲು ಸಿಗುತ್ತಿದ್ದದ್ದು ಅದರಿಂದಲೇ. ದನದ ದಾರಿ ಹೀಗೆ ಮುಚ್ಚಿತು.

ಹಗೇವಿನ ದಾರಿ ಮುಚ್ಚಿದ್ದು ಮನೆಮನೆ ಶೋಧದಿಂದ. ನಾಲ್ಕೈದು ಜನರ ತಂಡ, ಅದರಲ್ಲಿ ಪಟ್ಟಣದಿಂದ ಬಂದವರ ಜೊತೆಗೆ ಅದೇ ಊರಿನ ಒಬ್ಬಿಬ್ಬರು, ಕೈಯಲ್ಲಿ ಚೂಪು ಮಾಡಿದ ಉದ್ದದ ಕಬ್ಬಿಣದ ಸರಳು. ಒಲೆಯ ಬೂದಿಗೆ ಚುಚ್ಚುತ್ತಾರೆ, ಮಣ್ಣಿನ ನೆಲಕ್ಕೆ, ಹುಲ್ಲಿನ ಬಣವೆಗೆ, ಮಗುವಿನ ತೊಟ್ಟಿಲಿಗೂ ಕೈ ಹಾಕುತ್ತಾರೆ. ಸರಳು ಮೆತ್ತಗೆ ಇಳಿದ ಕಡೆ ಅಗೆಯುತ್ತಾರೆ. ಗೋಧಿ ಸಿಗದಿದ್ದರೆ ಅವರೆಕಾಳು, ಬೀಟ್‌ರೂಟ್, ಮಡಕೆಯಲ್ಲಿದ್ದ ಬೇಯಿಸಿದ ಗಂಜಿ, ಏನಿದ್ದರೆ ಅದು. ಬೀಸುವ ಕಲ್ಲು ಕಂಡರೆ ಒಡೆದುಹಾಕುತ್ತಿದ್ದರು. ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಈ ಬೀಸುವ ಕಲ್ಲು. ಕಾಳು ಒಯ್ದರೆ ಸರ್ಕಾರಕ್ಕೆ ಧಾನ್ಯ ಬೇಕಿತ್ತು ಅನ್ನಬಹುದು. ಕಲ್ಲು ಒಡೆದರೆ ಯಾರಿಗೆ ಏನು ಸಿಗುತ್ತದೆ? ಎಲ್ಲಿಂದಲೋ ಒಂದು ಬೊಗಸೆ ಕಾಳು ಸಿಕ್ಕರೂ ಈ ಮನೆಯಲ್ಲಿ ಹಿಟ್ಟಾಗಬಾರದು ಅನ್ನುವುದು ಬಿಟ್ಟರೆ ಅದಕ್ಕೆ ಬೇರೆ ಅರ್ಥ ನನಗೆ ಹೊಳೆಯುವುದಿಲ್ಲ.

ಉಳಿದದ್ದು ಗುಳೆ. ಡಿಸೆಂಬರ್ 27ಕ್ಕೆ ಪಟ್ಟಣದವರಿಗೆ ಒಳನಾಡಿನ ಪಾಸ್‌ಪೋರ್ಟ್ ಕೊಡುವ ಆಜ್ಞೆ ಬಂತು, ಕೊಲ್ಖೋಜ್ ರೈತನಿಗೆ ಅದು ಇಲ್ಲ. 1933ರ ಜನವರಿ 22ರಂದು ಸ್ಟಾಲಿನ್ ಮತ್ತು ಮೊಲೊಟೊವ್ ಸಹಿ ಹಾಕಿದ ಆದೇಶ ಉಕ್ರೇನ್ ಮತ್ತು ಕುಬಾನ್ ರೈತರು ಗಡಿ ದಾಟುವುದನ್ನೇ ತಡೆಯಿತು. ಇವರು ರೊಟ್ಟಿ ಹುಡುಕಿಕೊಂಡು ಬರುತ್ತಿಲ್ಲ, ಶತ್ರುಗಳು ಕಳಿಸಿದವರು ಅಂತ ಅದರಲ್ಲಿ ಕಾರಣ ಬರೆದಿತ್ತು. ರೈಲ್ವೆ ಟಿಕೆಟ್ ಕೊಡುವುದು ನಿಲ್ಲಿಸಿದರು. ಮುಂದಿನ ಒಂದೆರಡು ತಿಂಗಳಲ್ಲಿ 2 ಲಕ್ಷಕ್ಕೂ ಮೇಲೆ ಜನರನ್ನು ಹಿಡಿದರು, ಹೆಚ್ಚಿನವರನ್ನು ಅವರ ಊರಿಗೇ ವಾಪಸ್ ಕಳಿಸಿದರು. ಆ ಊರಿನಲ್ಲಿ ಏನಿದೆ ಅಂತ ಕಳಿಸಿದವರಿಗೆ ಗೊತ್ತಿತ್ತು.

ಒಂದು ಕಿಂಡಿ ಮಾತ್ರ ತೆರೆದಿತ್ತು. ಟೋರ್ಗ್‌ಸಿನ್ ಅನ್ನುವ ಸರ್ಕಾರಿ ಅಂಗಡಿ. ಅಲ್ಲಿ ರೂಬಲ್ ನಡೆಯುವುದಿಲ್ಲ, ಚಿನ್ನ ಬೆಳ್ಳಿ ಕೊಟ್ಟರೆ ಹಿಟ್ಟು ಕೊಡುತ್ತಿದ್ದರು. ಮದುವೆ ಉಂಗುರ, ಕಿವಿಯೋಲೆ, ಅಜ್ಜಿಯ ಕೊರಳಿನ ಶಿಲುಬೆ, ಎಲ್ಲ ಆ ತಕ್ಕಡಿ ಮೇಲೆ ಬಂದವು. ಅದೇ ಚಿನ್ನ ಯಂತ್ರ ಕೊಳ್ಳಲು ಹೋಯಿತು. ಉಂಗುರ ಇಲ್ಲದವರು ಚಕ್ಕೋತ ಸೊಪ್ಪಿನ ಜಾತಿಯ ಕಳೆ, ಜಾಲಿ ಹೂವು, ಹಿಂದಿನ ವರ್ಷ ನೆಲದಲ್ಲೇ ಉಳಿದು ಕೊಳೆತ ಆಲೂಗೆಡ್ಡೆ ತಿಂದರು. ಅದಕ್ಕಿಂತ ಭಯಂಕರವಾದವೂ ನಡೆದವು, ದಾಖಲೆಗಳಲ್ಲಿವೆ, ಇಲ್ಲಿ ಬರೆಯಲು ಮನಸ್ಸು ಬರುವುದಿಲ್ಲ.

ಉಕ್ರೇನಿನಲ್ಲಿ ಸತ್ತವರು 35ರಿಂದ 39 ಲಕ್ಷ ಅಂತ ಜನಸಂಖ್ಯೆಯ ಲೆಕ್ಕ ಬಲ್ಲ ಹೆಚ್ಚಿನವರು ಈಗ ಹೇಳುತ್ತಾರೆ. ಉಕ್ರೇನಿಯನ್ನರು ಇದನ್ನು ಹೊಲೊಡೊಮೋರ್ ಅನ್ನುತ್ತಾರೆ, ಹಸಿವಿನಿಂದ ಕೊಲ್ಲುವುದು ಅನ್ನುವ ಅರ್ಥ ಬರುವ ಮಾತು. ಕಜಾಕ್‌ಸ್ತಾನವನ್ನು ಮರೆಯಬೇಡಿ, ಈ ಚರ್ಚೆಯಲ್ಲಿ ಅವರ ಹೆಸರು ಬರುವುದೇ ಕಡಿಮೆ. ಅವರು ಕುರಿ ಕುದುರೆ ಹೊಡೆದುಕೊಂಡು ಹುಲ್ಲುಗಾವಲು ತಿರುಗುವ ಜನ, ಗೋಧಿ ರೈತರಲ್ಲ. ಅವರನ್ನೂ ಒಂದೇ ಕಡೆ ಕೂರಿಸಿ, ಮಂದೆಯನ್ನು ವಶ ಮಾಡಿಕೊಂಡರು. ಸುಮಾರು 4 ಕೋಟಿ ಇದ್ದ ಸಾಕುಪ್ರಾಣಿಗಳಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಉಳಿಯಿತು. ಸುಮಾರು 15 ಲಕ್ಷ ಜನ ಸತ್ತರು, ಕಜಾಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ಅವರವರ ಜನಸಂಖ್ಯೆಗೆ ಹೋಲಿಸಿದರೆ ಇಷ್ಟು ದೊಡ್ಡ ಪೆಟ್ಟು ಬೇರೆ ಯಾರಿಗೂ ಬೀಳಲಿಲ್ಲ.

ಹಾಗಾದರೆ ಬೇಕಂತಲೇ ಕೊಂದರಾ? ವಿದ್ವಾಂಸರು ಇದರಲ್ಲಿ ಒಂದೇ ಮಾತು ಹೇಳುವುದಿಲ್ಲ. 1930-31ರಲ್ಲಿ ಉಕ್ರೇನಿಯನ್ನರನ್ನು ಕೊಲ್ಲುವ ಯೋಜನೆ ಇತ್ತು ಅನ್ನುವುದಕ್ಕೆ ಆಧಾರ ನನಗೆ ಕಂಡಿಲ್ಲ. ಆಗ ಇದ್ದದ್ದು ಧಾನ್ಯದ ಹಸಿವು, ರೈತ ಸುಳ್ಳ ಅನ್ನುವ ನಂಬಿಕೆ. 1932ರ ಬೇಸಿಗೆಯಿಂದ ಆಚೆಗಿನದು ಬೇರೆ. ಆಗಸ್ಟ್ 11ರಂದು ಸ್ಟಾಲಿನ್ ಕಗಾನೊವಿಚ್‌ಗೆ ಬರೆದ ಪತ್ರದಲ್ಲಿ ಉಕ್ರೇನ್ ಕೈತಪ್ಪಬಹುದು ಅನ್ನುವ ಭಯ ಇದೆ. ಡಿಸೆಂಬರ್ 14ರ ಆದೇಶ ಧಾನ್ಯ ವಸೂಲಿಯ ಜೊತೆಗೇ ಕುಬಾನ್‌ನ ಉಕ್ರೇನಿಯನ್ ಶಾಲೆ, ಪತ್ರಿಕೆಗಳನ್ನು ರಷ್ಯನ್‌ಗೆ ತಿರುಗಿಸಿತು. ಗೋಧಿಗೂ ಶಾಲೆಯ ಭಾಷೆಗೂ ಏನು ಸಂಬಂಧ? 1933ರ ವಸಂತದಲ್ಲಿ ಲೇಖಕ ಶೋಲೊಖೋವ್ ತನ್ನ ಸೀಮೆಯ ಹಿಂಸೆಯನ್ನೆಲ್ಲ ವಿವರವಾಗಿ ಬರೆದು ಕಳಿಸಿದಾಗ, ಸ್ಟಾಲಿನ್ ಆ ಸೀಮೆಗೆ ಸ್ವಲ್ಪ ಧಾನ್ಯ ಕೊಡಿಸಿದ, ಜೊತೆಗೆ ನಿಮ್ಮ ರೈತರು ಸರ್ಕಾರದ ಮೇಲೆ ಸದ್ದಿಲ್ಲದ ಯುದ್ಧ ಮಾಡುತ್ತಿದ್ದಾರೆ ಅಂತ ಉತ್ತರ ಬರೆದ. ಅಂದರೆ ಅವನಿಗೆ ಗೊತ್ತಿತ್ತು. 1933ರ ಫೆಬ್ರವರಿಯಿಂದ ಉಕ್ರೇನಿಗೂ ಒಂದಿಷ್ಟು ಧಾನ್ಯ ವಾಪಸ್ ಬಿಟ್ಟರು, ಅದು ಮೊದಲು ಬಿತ್ತನೆಗೆ, ಹೊಲಕ್ಕೆ ಬರಬಲ್ಲ ಕೈಗಳಿಗೆ. 1932ರಲ್ಲೂ 17-18 ಲಕ್ಷ ಟನ್ ಹಡಗು ಹತ್ತಿತ್ತು ಅನ್ನುವುದನ್ನು ಇದರ ಪಕ್ಕ ಇಡಿ. ಸಾವು ಕಣ್ಣ ಮುಂದಿದ್ದಾಗ, ತಪ್ಪಿಸುವ ಶಕ್ತಿ ಕೈಯಲ್ಲಿದ್ದಾಗ, ಗಡಿಗೆ ಪೊಲೀಸರನ್ನು ನಿಲ್ಲಿಸುವುದನ್ನು ನಾನು ಕೊಲೆ ಅಂತಲೇ ಕರೆಯುತ್ತೇನೆ. ಕಾನೂನಿನ ಪುಸ್ತಕದಲ್ಲಿ ಅದಕ್ಕೆ ನರಮೇಧ ಅನ್ನುವ ಹೆಸರು ಹೊಂದುತ್ತದೋ ಇಲ್ಲವೋ ಅನ್ನುವ ವಾದ ನಡೆಯಲಿ. ಉಕ್ರೇನಿನ ಸಂಸತ್ತು 2006ರಲ್ಲಿ ಹೊಂದುತ್ತದೆ ಅಂತ ಕಾನೂನು ಮಾಡಿತು.

ಕೊನೆಯ ಪ್ರಶ್ನೆ. ಹೊರಗಿನವರಿಗೆ ಗೊತ್ತಾಗಲಿಲ್ಲ ಅನ್ನುವುದಕ್ಕಿಂತ, ಹೇಳಿದವನನ್ನು ನಂಬಲಿಲ್ಲ ಅನ್ನುವುದು ಸರಿ. ಗ್ಯಾರೆತ್ ಜೋನ್ಸ್ ಅಂತ ವೇಲ್ಸ್‌ನ 27 ವರ್ಷದ ಪತ್ರಕರ್ತ. ರಷ್ಯನ್ ಬರುತ್ತಿತ್ತು. 1933ರ ಮಾರ್ಚ್‌ನಲ್ಲಿ ಖಾರ್ಕಿವ್ ಕಡೆ ಹೋಗುವ ರೈಲು ಹತ್ತಿ, ನಡುವೆ ಇಳಿದು, ಬೆನ್ನಿಗೆ ಚೀಲ ಹಾಕಿಕೊಂಡು ಹಳ್ಳಿಯಿಂದ ಹಳ್ಳಿಗೆ ನಡೆದ. ರೈಲಿನಲ್ಲಿ ತಾನು ತಿನ್ನುತ್ತಿದ್ದ ರೊಟ್ಟಿಯ ಒಣ ತುಂಡನ್ನು ಉಗುಳುವ ಡಬ್ಬಿಗೆ ಎಸೆದಾಗ ಪಕ್ಕದ ರೈತ ಅದರೊಳಗೆ ಕೈ ಹಾಕಿ ತೆಗೆದು ತಿಂದ, ಕಿತ್ತಳೆ ಸಿಪ್ಪೆ ಎಸೆದರೆ ಅದನ್ನೂ ತಿಂದ ಅಂತ ಅವನು ಬರೆದಿದ್ದಾನೆ. ಮಾರ್ಚ್ 29ರಂದು ಬರ್ಲಿನ್‌ನಲ್ಲಿ ಪತ್ರಕರ್ತರನ್ನು ಕರೆದು ಕಂಡದ್ದನ್ನೆಲ್ಲ ಹೇಳಿದ. ಎರಡೇ ದಿನಕ್ಕೆ ನ್ಯೂಯಾರ್ಕ್ ಟೈಮ್ಸ್‌ನ ಮಾಸ್ಕೋ ವರದಿಗಾರ ವಾಲ್ಟರ್ ಡ್ಯುರಾಂಟಿ, ಹಸಿವು ಇದೆ, ಆದರೆ ಯಾರೂ ಹಸಿವಿನಿಂದ ಸಾಯುತ್ತಿಲ್ಲ ಅನ್ನುವ ಅರ್ಥದಲ್ಲಿ ಬರೆದ. ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಬಹುಮಾನ ಪಡೆದಿದ್ದವನು, ಅವನ ಮಾತು ನಡೆಯಿತು. ಅದೇ ಡ್ಯುರಾಂಟಿ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ದೂತಾವಾಸದವರ ಹತ್ತಿರ ಖಾಸಗಿಯಾಗಿ, ಅನ್ನ ಇಲ್ಲದ್ದರಿಂದ ಒಂದು ಕೋಟಿ ಜನರವರೆಗೂ ಸತ್ತಿರಬಹುದು ಅಂದ. ಪತ್ರಿಕೆಗೆ ಅದನ್ನು ಬರೆಯಲಿಲ್ಲ. ಬರೆದರೆ ವೀಸಾ ಹೋಗುತ್ತಿತ್ತು. ಫ್ರಾನ್ಸ್‌ನ ಮಾಜಿ ಪ್ರಧಾನಿ ಎರಿಯೋ ಆ ಬೇಸಿಗೆ ಉಕ್ರೇನ್ ಸುತ್ತಿ, ತೋರಿಸಿದ್ದನ್ನು ನೋಡಿ, ಅದು ಹೂದೋಟದ ಹಾಗಿದೆ ಅಂದ. ನವೆಂಬರ್‌ನಲ್ಲಿ ಅಮೆರಿಕ ಸೋವಿಯತ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಇಷ್ಟೆಲ್ಲದರ ನಡುವೆ 1921ರ ಹಾಗೆ ಸಹಾಯ ಮಾತ್ರ ಕೇಳಲಿಲ್ಲ, ಬರವೇ ಇಲ್ಲ ಅಂದ ಮೇಲೆ ಕೇಳುವುದು ಹೇಗೆ? ಕೈಯೊಡ್ಡುವ ದಾರಿ ಮುಚ್ಚಿದ್ದು ಹೀಗೆ.

ಮುಚ್ಚಿಡಲು ಆಗದ ಒಂದು ಜಾಗ ಇತ್ತು, ಜನಗಣತಿ. 1937ರ ಜನವರಿಯಲ್ಲಿ ಎಣಿಸಿದಾಗ ದೇಶದಲ್ಲಿ ಸಿಕ್ಕಿದ್ದು ಸುಮಾರು 16 ಕೋಟಿ 20 ಲಕ್ಷ ಜನ. ಪಕ್ಷ ಹೇಳಿಕೊಂಡು ಬಂದಿದ್ದ ಸಂಖ್ಯೆಗಿಂತ ಅದು ಎಷ್ಟೋ ಕಡಿಮೆ. ಗಣತಿಯನ್ನೇ ರದ್ದು ಮಾಡಿ, ನಡೆಸಿದವರನ್ನು ಶತ್ರುಗಳೆಂದು ಹಿಡಿದರು. ಗಣತಿ ವಿಭಾಗದ ಮುಖ್ಯಸ್ಥ ಒಲಿಂಪಿ ಕ್ವಿಟ್ಕಿನ್‌ಗೆ ಅದೇ ವರ್ಷ ಗುಂಡು ಹೊಡೆದರು. 1939ರಲ್ಲಿ ಹೊಸದಾಗಿ ಎಣಿಸಿ 17 ಕೋಟಿ ಅಂತ ಪ್ರಕಟಿಸಿದರು. ಕ್ವಿಟ್ಕಿನ್‌ನ ಲೆಕ್ಕ ಐವತ್ತು ವರ್ಷ ದಫ್ತರದಲ್ಲೇ ಇತ್ತು, ಸೋವಿಯತ್ ಒಕ್ಕೂಟ ಮುಗಿಯುವ ಹೊತ್ತಿಗೆ ಹೊರಬಂತು. ಮೇಲೆ ನಾನು ಕೊಟ್ಟ ಸಾವಿನ ಸಂಖ್ಯೆಗಳು ನಿಂತಿರುವ ಆಧಾರಗಳಲ್ಲಿ ಆ ಲೆಕ್ಕವೂ ಒಂದು.